ಹಳೇ ಸರ್ವರ್‌ನಲ್ಲಿ ಲಿನಕ್ಸ್ ಬೂಟ್ ಆಗದಿದ್ದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ರೈಸ್ ಮಿಲ್, ಜಿನ್ನಿಂಗ್ ಫ್ಯಾಕ್ಟರಿ, ನರ್ಸಿಂಗ್ ಹೋಮ್, ಕಾಲೇಜುಗಳಲ್ಲಿ ಹಳೇ ಸರ್ವರ್‌ಗಳು ಇನ್ನೂ ದುಡಿಯುತ್ತಿವೆ. ಡೆಲ್ ಪವರ್‌ಎಡ್ಜ್ ಆರ್710, ಎಚ್‌ಪಿ ಪ್ರೋಲಿಯಂಟ್ ಡಿಎಲ್380 ಜಿ6, ಜಿ7, ಈ ಥರದವು. ಹೈದರಾಬಾದಿನಿಂದಲೋ ಬೆಂಗಳೂರಿನ ಎಸ್‌ಪಿ ರೋಡಿನಿಂದಲೋ ಸೆಕೆಂಡ್ ಹ್ಯಾಂಡ್ ಬಂದವು. ಅವು ಏಳದೇ ಹೋದಾಗ ನನಗೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಕಮಾಂಡ್ ಹೆಸರುಗಳನ್ನು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ. ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವುದೂ ಹಾಗೇ ಅಲ್ವಾ?

## ಮೊದಲು ನೋಡಬೇಕಾದ್ದು

ಸರ್ವರ್ ಆನ್ ಆಗ್ತೈತಿ, ಆದ್ರ ಲಿನಕ್ಸ್ ಬರವಲ್ದು. ಎಲ್ಲಿಂದ ಹುಡುಕಬೇಕ್ರಿ?

ಎಲ್ಲಿ ನಿಂತಿದೆ ಅನ್ನುವುದರಿಂದ. ಬಟನ್ ಒತ್ತಿದ ಮೇಲೆ ಐದು ಘಟ್ಟ ದಾಟಬೇಕು. ಮೊದಲು ಬೋರ್ಡ್‌ನಲ್ಲೇ ಕೂತಿರುವ ಬಯಾಸ್ ತನ್ನ ಪರೀಕ್ಷೆ ಮಾಡಿಕೊಳ್ಳುತ್ತದೆ. ಆಮೇಲೆ ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸಿ ನಡೆಸುವ ರೇಡ್ ಕಾರ್ಡ್ ತನ್ನ ಡಿಸ್ಕ್ ಎಣಿಸುತ್ತದೆ. ಆಮೇಲೆ ಲಿನಕ್ಸನ್ನು ಎಬ್ಬಿಸುವ ಮೆನು ಗ್ರಬ್, ಅದರ ಹಿಂದೆ ಲಿನಕ್ಸ್‌ನ ತಿರುಳಾದ ಕರ್ನಲ್ ಮತ್ತು ಡಿಸ್ಕ್ ತಲುಪಲು ಬೇಕಾದ ಡ್ರೈವರ್‌ಗಳ ಗಂಟು ಇನಿಟ್‌ರಾಮ್‌ಎಫ್‌ಎಸ್, ಕೊನೆಗೆ ಉಳಿದ ಸೇವೆಗಳನ್ನೆಲ್ಲ ಶುರು ಮಾಡುವ ಸಿಸ್ಟಮ್‌ಡಿ. ಪ್ರತಿ ಘಟ್ಟದ ರೋಗ ಬೇರೆ, ಔಷಧಿ ಬೇರೆ. ಗ್ರಬ್ ಮೆನು ಕಾಣಿಸಿತು ಅಂದರೆ ರ್‍ಯಾಮ್, ಬೋರ್ಡ್, ರೇಡ್ ಕಾರ್ಡ್ ಸುಮಾರಾಗಿ ಸರಿ ಇವೆ ಅಂತ ಅರ್ಥ. ಮೆನುವೇ ಬರದಿದ್ದರೆ ಲಿನಕ್ಸನ್ನು ಬೈದು ಪ್ರಯೋಜನ ಇಲ್ಲ.

ಕಂಪನಿ ಲೋಗೋ ತಿರುಗುತ್ತಾ ನಿಂತಿದ್ದರೆ ಹಿಂದೆ ಏನು ನಡೀತಿದೆ ಅಂತ ಗೊತ್ತಾಗಲ್ಲ. ಗ್ರಬ್ ಮೆನುವಿನಲ್ಲಿ "ಇ" ಒತ್ತಿ. "ಲಿನಕ್ಸ್" ಅಂತ ಶುರುವಾಗುವ ಸಾಲಿನ ಕೊನೆಯಲ್ಲಿರುವ "ಆರ್‌ಎಚ್‌ಜಿಬಿ", "ಕ್ವಾಯಟ್", "ಸ್ಪ್ಲ್ಯಾಶ್" ತೆಗೆದು ಕಂಟ್ರೋಲ್-ಎಕ್ಸ್ ಒತ್ತಿ. ಈ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ, ಹೆದರಬೇಡಿ. ಸಾಲುಗಳು ಸರಸರ ಓಡುವುದನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿ, ಆಮೇಲೆ ನಿಧಾನಕ್ಕೆ ನೋಡಿ. ಫೋನ್ ಮಾಡಿ "ಏನೋ ಎರರ್ ಬಂತು ಸರ್" ಅಂದರೆ ಯಾರೂ ಏನೂ ಹೇಳಲಾರರು.

ಫ್ಯಾನ್ ಜೋರಾಗಿ ಒದರಾಕತ್ತಾವ, ಸ್ಕ್ರೀನ್ ಮ್ಯಾಲೆ ಏನೂ ಇಲ್ಲ. ಬೋರ್ಡ್ ಹೋತೇನ್ರಿ?

ಅಷ್ಟು ಬೇಗ ತೀರ್ಮಾನ ಮಾಡಬೇಡಿ. ಈ ಸರ್ವರ್‌ಗಳು ಆನ್ ಆದ ಕೂಡಲೇ ಫ್ಯಾನನ್ನು ಪೂರ್ತಿ ವೇಗದಲ್ಲಿ ತಿರುಗಿಸಿ ಆಮೇಲೆ ಇಳಿಸುತ್ತವೆ. ರ್‍ಯಾಮ್ ಜಾಸ್ತಿ ಇದ್ದಷ್ಟೂ ಪರೀಕ್ಷೆ ತಡ. ಡೆಸ್ಕ್‌ಟಾಪ್ ನೋಡಿ ಅಭ್ಯಾಸ ಇರುವವರು ಅರ್ಧ ನಿಮಿಷಕ್ಕೇ ಸ್ವಿಚ್ ಆಫ್ ಮಾಡಿಬಿಡುತ್ತಾರೆ. ಕೆಲವು ನಿಮಿಷ ಸುಮ್ನೆ ಬಿಡಿ.

ಆಮೇಲೂ ಕತ್ತಲೆಯಾದರೆ ಎರಡೂ ಪವರ್ ಕೇಬಲ್ ಕಿತ್ತು, ಪವರ್ ಬಟನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಇಳಿಯುತ್ತದೆ. ಮತ್ತೆ ಕೇಬಲ್ ಹಾಕಿ ನೋಡಿ. ಆಗದಿದ್ದರೆ ರ್‍ಯಾಮ್ ಎಲ್ಲ ತೆಗೆದು, ಮೊದಲ ಸಿಪಿಯುನ ಮೊದಲ ಸ್ಲಾಟ್‌ನಲ್ಲಿ ಒಂದೇ ಒಂದು ಕಡ್ಡಿ ಹಾಕಿ ಆನ್ ಮಾಡಿ. ಎದ್ದರೆ ಒಂದೊಂದಾಗಿ ಸೇರಿಸುತ್ತಾ ಹೋಗಿ. ಡೆಲ್‌ನ ಮುಂದಿನ ಪುಟ್ಟ ಡಿಸ್‌ಪ್ಲೇ ನೀಲಿ ಬದಲು ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಓಡುವ ಕೋಡ್ ಬರೆದುಕೊಳ್ಳಿ. ಯಾವ ಭಾಗ ಕೆಟ್ಟಿದೆ ಅಂತ ಅದೇ ಹೇಳುತ್ತದೆ.

ನಮ್ದು ಕಾರಟಗಿ ರೈಸ್ ಮಿಲ್. ಧೂಳಿಗೂ ಬೂಟ್‌ಗೂ ಏನ್ ಸಂಬಂಧ?

ಬಹಳ ಸಂಬಂಧ. ನಮ್ಮ ಕಡೆ ಧೂಳು ಊರಿಗೊಂದು ಥರ. ಕಾರಟಗಿ, ಗಂಗಾವತಿ, ಸಿಂಧನೂರಿನ ಮಿಲ್‌ಗಳಲ್ಲಿ ಭತ್ತದ ಹೊಟ್ಟಿನ ಪುಡಿ. ರಾಯಚೂರಿನ ಜಿನ್ನಿಂಗ್‌ನಲ್ಲಿ ಹತ್ತಿ ಎಳೆ. ಸಂಡೂರು, ತೋರಣಗಲ್ ಕಡೆ ಅದಿರಿನ ಕೆಂಪು ಧೂಳು. ಹತ್ತಿ ಎಳೆ ಮುಂದಿನ ಜಾಲರಿಯಲ್ಲೇ ಕಂಬಳಿಯಂತೆ ಹಾಸಿಕೊಂಡು ಗಾಳಿ ಕಟ್ಟಿಬಿಡುತ್ತದೆ. ಕೆಂಪು ಧೂಳು ಹಾಗಲ್ಲ, ಜಾಲರಿ ದಾಟಿ ಹೀಟ್‌ಸಿಂಕ್‌ನ ತಗಡುಗಳ ನಡುವೆ, ರ್‍ಯಾಮ್ ಸ್ಲಾಟ್‌ನ ಸಂದಿಯಲ್ಲಿ ಕೂರುತ್ತದೆ. ಅದಕ್ಕೇ ರ್‍ಯಾಮ್ ತೆಗೆದು ಹಾಕಿದರೆ ಎಷ್ಟೋ ಸಲ ಸರ್ವರ್ ಎದ್ದು ಕೂರುವುದು.

ಇದರ ಜೊತೆ ಬಿಸಿಲು. ಆರ್710ಗೆ ಒಳಗೆ ಹೋಗುವ ಗಾಳಿ 10ರಿಂದ 35 ಡಿಗ್ರಿ ಒಳಗಿರಬೇಕು ಅಂತ ಡೆಲ್ ಹೇಳುತ್ತದೆ. ಏಪ್ರಿಲ್, ಮೇನಲ್ಲಿ ರಾಯಚೂರಿನಲ್ಲಿ ಹೊರಗೇ 40 ದಾಟಿರುತ್ತದೆ. ಕರೆಂಟ್ ಹೋದಾಗ ಯುಪಿಎಸ್ ಸರ್ವರನ್ನು ನಡೆಸುತ್ತದೆ, ಎಸಿಯನ್ನು ನಡೆಸಲ್ಲ. ಮುಚ್ಚಿದ ಕೋಣೆ ಕಾದು ಸರ್ವರ್ ತಾನಾಗೇ ಆಫ್ ಆಗುತ್ತದೆ. ಬಿಸಿ ಇರುವಾಗಲೇ ಆನ್ ಮಾಡಿದರೆ ಅರ್ಧ ಬೂಟ್‌ನಲ್ಲಿ ಮತ್ತೆ ಆಫ್. ಜನ ಲಿನಕ್ಸ್ ಕೆಟ್ಟಿತು ಅಂತಾರೆ. ಮಧ್ಯಾಹ್ನ ಏಳದ ಸರ್ವರ್ ಬೆಳಗಿನ ಜಾವ ಏಳುತ್ತಿದ್ದರೆ ಮೊದಲು ಬ್ಲೋಯರ್ ಹಿಡಿಯಿರಿ. ಗಾಳಿ ಊದುವಾಗ ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದುಕೊಳ್ಳಿ. ರ್‍ಯಾಮ್‌ನ ಬಂಗಾರದ ಬಣ್ಣದ ಅಂಚನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಒಣಗಿದ ಮೇಲೆ ಹಾಕಿ.

ಕರೆಂಟ್ ಹೋಗಿ ಬಂದಾಗೊಮ್ಮೆ ಡೇಟ್ ಹಿಂದಕ್ಕ ಹೋಗ್ತೈತಿ, ಬೂಟೂ ಆಗವಲ್ದು. ಯಾಕ?

ಬೋರ್ಡ್ ಮೇಲಿನ ಸಿಆರ್2032 ಬಟನ್ ಸೆಲ್ ಸತ್ತಿದೆ. ಅದು ಸತ್ತರೆ ಗಡಿಯಾರ ಒಂದೇ ಅಲ್ಲ, ಬಯಾಸ್ ಸೆಟ್ಟಿಂಗ್‌ಗಳೂ ಫ್ಯಾಕ್ಟರಿ ಲೆಕ್ಕಕ್ಕೆ ಹೋಗಬಹುದು. ಬೂಟ್ ಆರ್ಡರ್ ಬದಲಾಗುತ್ತದೆ, ಸಾಟಾ ಮೋಡ್ ಎಎಚ್‌ಸಿಐನಿಂದ ಬೇರೆಯದಕ್ಕೆ ಜಾರುತ್ತದೆ, ಯುಇಎಫ್‌ಐ ಇದ್ದದ್ದು ಲೆಗಸಿ ಆಗುತ್ತದೆ. ಮೇಲಾಗಿ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಇರುವ ಡಿಸ್ಕನ್ನು ತಪಾಸಣೆ ಮಾಡುವಾಗ ಲಿನಕ್ಸ್ "ಸೂಪರ್‌ಬ್ಲಾಕ್ ಲಾಸ್ಟ್ ಮೌಂಟ್ ಟೈಮ್ ಈಸ್ ಇನ್ ದ ಫ್ಯೂಚರ್" ಅಂತ ತಗಾದೆ ತೆಗೆಯುತ್ತದೆ. ಡಿಸ್ಕ್ ಕೆಟ್ಟಿಲ್ಲ, ಗಡಿಯಾರ ಹಿಂದೆ ಬಿದ್ದಿದೆ ಅಷ್ಟೇ.

ಸೆಲ್ ಬದಲಿಸಿ, ಬಯಾಸ್‌ನಲ್ಲಿ ದಿನಾಂಕ ಸರಿ ಮಾಡಿ. ಸರ್ವರ್ ಚೆನ್ನಾಗಿರುವಾಗಲೇ ಬಯಾಸ್‌ನ ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಂಡರೆ ಇಂಥ ದಿನ ಹುಡುಕಾಟ ಇರಲ್ಲ.

## ರೇಡ್, ಗ್ರಬ್, ಡಿಸ್ಕ್

"ಫಾರಿನ್ ಕಾನ್ಫಿಗರೇಷನ್" ಅಂತ ಬಂದೈತಿ. ಕ್ಲಿಯರ್ ಮಾಡ್ಲೇನ್ರಿ?

ಬೇಡ. ಈ ಪುಟದಲ್ಲಿ ಇದೊಂದು ಉತ್ತರ ನೆನಪಿಟ್ಟರೂ ಸಾಕು.

ಡಿಸ್ಕ್‌ಗಳ ಮೇಲೆ ಬರೆದಿರುವ ರೇಡ್ ವಿವರಕ್ಕೂ ಕಾರ್ಡ್‌ನ ನೆನಪಿಗೂ ತಾಳೆ ಆಗದಿದ್ದಾಗ ಡೆಲ್‌ನ ರೇಡ್ ಕಾರ್ಡ್, ಅಂದರೆ ಪರ್ಕ್, ಹೀಗೆ ಕೇಳುತ್ತದೆ. ಪವರ್ ಏರುಪೇರಾಗಿ ಒಂದು ಡಿಸ್ಕ್ ತಡವಾಗಿ ಎದ್ದರೂ ಸಾಕು, ಅದು "ಪರದೇಶಿ" ಆಗಿಬಿಡುತ್ತದೆ. ಕ್ಲಿಯರ್ ಅಂದರೆ ಡಿಸ್ಕ್ ಮೇಲಿನ ಆ ವಿವರ ಅಳಿಸಿ ಹಾಕು ಅಂತ. ಡೇಟಾ ಅಲ್ಲೇ ಇರುತ್ತದೆ, ಅದನ್ನು ಜೋಡಿಸುವ ನಕ್ಷೆ ಇರಲ್ಲ.

ಮೊದಲು ಪ್ರತಿ ಡಿಸ್ಕ್‌ಗೆ ಸ್ಲಾಟ್ ನಂಬರ್ ಬರೆದ ಟೇಪ್ ಅಂಟಿಸಿ. ಆಫ್ ಮಾಡಿ, ಎಲ್ಲವನ್ನೂ ಒಮ್ಮೆ ತೆಗೆದು ಅದೇ ಜಾಗಕ್ಕೆ ಗಟ್ಟಿಯಾಗಿ ಕೂರಿಸಿ, ಮತ್ತೆ ಆನ್ ಮಾಡಿ. ಆಗಲೂ ಅದೇ ಮೆಸೇಜ್ ಬಂದರೆ ಕಂಟ್ರೋಲ್-ಆರ್ ಒತ್ತಿ ಒಳಗೆ ಹೋಗಿ ಇಂಪೋರ್ಟ್‌ನ ಮುನ್ನೋಟ ನೋಡಿ. ಎಲ್ಲ ಡಿಸ್ಕ್ ಒಂದೇ ವರ್ಚುವಲ್ ಡಿಸ್ಕ್‌ಗೆ ಸೇರಿದ ಹಾಗೆ ಕಂಡರೆ ಇಂಪೋರ್ಟ್ ಮಾಡಬಹುದು. ಒಂದೇ ಒಂದು ಡಿಸ್ಕ್ ಬೇರೆಯಾಗಿ ಕಂಡರೆ ಅದು ಯಾವತ್ತೋ ಅರೇಯಿಂದ (ಒಟ್ಟಿಗೆ ಕಟ್ಟಿದ ಡಿಸ್ಕ್‌ಗಳ ಗುಂಪಿನಿಂದ) ಹೊರಬಿದ್ದು ಹಳೇ ಡೇಟಾ ಹೊತ್ತು ಕೂತಿರಬಹುದು. ಅದನ್ನು ಇಂಪೋರ್ಟ್ ಮಾಡಬೇಡಿ, ಗೊತ್ತಿರುವವರನ್ನು ಕರೆಸಿ.

ಎಚ್‌ಪಿಯಲ್ಲಿ ಇದೇ ಸಂಕಟ ಬೇರೆ ವೇಷದಲ್ಲಿ ಬರುತ್ತದೆ. ಎಫ್1 ಒತ್ತಿದರೆ ಲಾಜಿಕಲ್ ಡ್ರೈವ್ ನಿಲ್ಲಿಸಿ ಮುಂದೆ ಹೋಗು, ಎಫ್2 ಒತ್ತಿದರೆ ಡೇಟಾ ನಷ್ಟ ಒಪ್ಪಿಕೊಂಡು ಮತ್ತೆ ಚಾಲೂ ಮಾಡು. ಅವಸರದಲ್ಲಿ ಕೈ ಎಫ್2 ಕಡೆ ಹೋಗುತ್ತದೆ. ಮೊದಲ ಸಲ ಎಫ್1 ಒತ್ತಿ, ಆಫ್ ಮಾಡಿ, ಕೇಬಲ್ ಮತ್ತು ಡಿಸ್ಕ್ ಪೂರ್ತಿ ನೋಡಿದ ಮೇಲೇ ಎಫ್2 ಮಾತು.

"ಗ್ರಬ್ ರೆಸ್ಕ್ಯೂ" ಅಂತ ಬಂದು ನಿಂತೈತಿ. ಫಾರ್ಮ್ಯಾಟ್ ಮಾಡಬೇಕಾ?

ಯಾಕೆ ಫಾರ್ಮ್ಯಾಟ್? ಗ್ರಬ್‌ನ ಮೊದಲ ತುಂಡು ಸಿಕ್ಕಿದೆ, ಉಳಿದ ತುಂಡು ಎಲ್ಲಿದೆ ಅಂತ ಅದಕ್ಕೆ ಗೊತ್ತಾಗುತ್ತಿಲ್ಲ. ಮೊದಲು ಯಾರಾದರೂ ಬ್ಯಾಕಪ್ ಡಿಸ್ಕ್, ಪೆನ್ ಡ್ರೈವ್ ಹಿಂದೆ ಚುಚ್ಚಿ ಮರೆತಿದ್ದಾರಾ ನೋಡಿ. ತೆಗೆದು ಆನ್ ಮಾಡಿದರೆ ಅಲ್ಲಿಗೇ ಮುಗಿಯಬಹುದು.

ಮುಗಿಯದಿದ್ದರೆ ಅದೇ ಪ್ರಾಂಪ್ಟ್‌ನಲ್ಲಿ "ಎಲ್‌ಎಸ್" ಹೊಡೆಯಿರಿ. ಕಂಸದೊಳಗೆ "ಎಚ್‌ಡಿ0", "ಎಚ್‌ಡಿ0 ಕಾಮಾ ಎಂಎಸ್‌ಡಾಸ್1" ಅಂತ ಪಟ್ಟಿ ಬರುತ್ತದೆ. ಮತ್ತೆ "ಎಲ್‌ಎಸ್" ಹೊಡೆದು, ಜಾಗ ಬಿಟ್ಟು, ಒಂದು ಪಾರ್ಟಿಷನ್ ಹೆಸರು ಕಂಸ ಸಮೇತ ಬರೆದು, ಕೊನೆಗೆ ಸ್ಲ್ಯಾಶ್ ಹಾಕಿ. "ಅನ್‌ನೋನ್ ಫೈಲ್‌ಸಿಸ್ಟಮ್" ಅಂದರೆ ಮುಂದಿನದು ನೋಡಿ. "ವಿಎಂ-ಲಿನಜ್" ಅಂತ ಶುರುವಾಗುವ ಫೈಲ್‌ಗಳೂ "ಗ್ರಬ್2" ಫೋಲ್ಡರೂ ಕಂಡರೆ ಅದೇ ಬೂಟ್ ಪಾರ್ಟಿಷನ್. ಈಗ ಮೂರು ಸಾಲು:

"ಸೆಟ್ ಪ್ರಿಫಿಕ್ಸ್ ಈಕ್ವಲ್ಸ್" ಹೊಡೆದು, ಕಂಸದಲ್ಲಿ ಆ ಪಾರ್ಟಿಷನ್, ಅದರ ಹಿಂದೆ ಸ್ಲ್ಯಾಶ್ ಗ್ರಬ್2. ಎರಡನೇದು "ಇನ್ಸ್‌ಮಾಡ್ ನಾರ್ಮಲ್". ಮೂರನೇದು ಬರೀ "ನಾರ್ಮಲ್". ಮೆನು ಬರುತ್ತದೆ. ಡೆಬಿಯನ್, ಉಬುಂಟುನಲ್ಲಿ ಫೋಲ್ಡರ್ ಹೆಸರು ಬರೀ ಗ್ರಬ್. ಬೂಟ್ ಬೇರೆ ಪಾರ್ಟಿಷನ್ ಅಲ್ಲದಿದ್ದರೆ ದಾರಿಯಲ್ಲಿ ಮೊದಲು ಸ್ಲ್ಯಾಶ್ ಬೂಟ್ ಸೇರಿಸಿ.

ಇದು ಒಂದು ಸಲದ ದಾಟುವಿಕೆ. ಲಿನಕ್ಸ್ ಎದ್ದ ಮೇಲೆ ಗ್ರಬ್ ಇನ್‌ಸ್ಟಾಲ್ ಕಮಾಂಡನ್ನು ಪೂರ್ತಿ ಡಿಸ್ಕ್ ಮೇಲೆ ಓಡಿಸಿ, ಪಾರ್ಟಿಷನ್ ಮೇಲಲ್ಲ. ಸಾಫ್ಟ್‌ವೇರ್ ರೇಡ್ ಇದ್ದರೆ ಎರಡೂ ಡಿಸ್ಕ್‌ಗೆ ಹಾಕಿ. ಒಂದಕ್ಕೆ ಮಾತ್ರ ಹಾಕಿ, ಅದೇ ಡಿಸ್ಕ್ ಸತ್ತ ದಿನ ಮಿರರ್ ಇದ್ದೂ ಬೂಟ್ ಆಗದೇ ಕೂತವರು ಬೇಕಾದಷ್ಟು ಜನ.

"ಸಿಂಬಲ್ ಗ್ರಬ್ ಕ್ಯಾಲಾಕ್ ನಾಟ್ ಫೌಂಡ್" ಅಂತ ಬಂದರೂ ಕಾರಣ ಇದೇ ಜಾತಿಯದು. 2020ರ ಜುಲೈನಲ್ಲಿ ಬೂಟ್‌ಹೋಲ್ ಅನ್ನುವ ಭದ್ರತಾ ದೋಷಕ್ಕೆ ಅಪ್‌ಡೇಟ್ ಬಂದಾಗ ಇದು ಸುಮಾರು ಕಡೆ ಕಾಣಿಸಿತು. ಮಾಡ್ಯೂಲ್‌ಗಳು ಹೊಸವು, ಡಿಸ್ಕ್ ತಲೆಯಲ್ಲಿ ಕೂತ ಗ್ರಬ್ ಮಾತ್ರ ಹಳೇದು. ಲೈವ್ ಪೆನ್ ಡ್ರೈವ್‌ನಿಂದ ಎದ್ದು, ಸಿಎಚ್‌ರೂಟ್ ಮಾಡಿ (ಡಿಸ್ಕ್ ಮೇಲಿರುವ ಲಿನಕ್ಸ್ ಒಳಗೆ ಹೊಕ್ಕು), ಗ್ರಬ್ ಮತ್ತೆ ಹಾಕಿದರೆ ಸರಿಹೋಗುತ್ತದೆ.

"ಎಮರ್ಜೆನ್ಸಿ ಮೋಡ್" ಅಂತ ಬಂದು ರೂಟ್ ಪಾಸ್‌ವರ್ಡ್ ಕೇಳ್ತೈತಿ. ಭಾರಿ ತೊಂದ್ರಿ ಐತೇನು?

ಹೆಸರು ದೊಡ್ಡದು, ರೋಗ ಸಣ್ಣದು. ಬೂಟ್ ಆಗುವಾಗ ಯಾವ ಡಿಸ್ಕನ್ನು ಎಲ್ಲಿ ಮೌಂಟ್ ಮಾಡಬೇಕು, ಅಂದರೆ ಜೋಡಿಸಬೇಕು, ಅನ್ನುವ ಪಟ್ಟಿ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಇರುತ್ತದೆ. ಹೆಚ್ಚಿನ ಸಲ ಅದರಲ್ಲಿ ಬರೆದ ಯಾವುದೋ ಡಿಸ್ಕ್ ಸಿಕ್ಕಿಲ್ಲ. "ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್" ಅಂತ ಒಂದೂವರೆ ನಿಮಿಷ ಕಾದು, ಆಮೇಲೆ ಕೈ ಚೆಲ್ಲಿ ಇಲ್ಲಿಗೆ ಬರುತ್ತದೆ. ಟ್ಯಾಲಿ ಬ್ಯಾಕಪ್‌ಗೆ ಅಂತ ಹಾಕಿದ್ದ ಯುಎಸ್‌ಬಿ ಡಿಸ್ಕನ್ನು ಅಕೌಂಟೆಂಟ್ ಮನೆಗೆ ಒಯ್ದಿರುತ್ತಾರೆ, ಅಷ್ಟೇ ಕಥೆ.

ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ. "ಜರ್ನಲ್ ಸಿಟಿಎಲ್ ಮೈನಸ್ ಎಕ್ಸ್‌ಬಿ" ಯಾವ ಮೌಂಟ್ ಸೋತಿತು ಅಂತ ತೋರಿಸುತ್ತದೆ. "ಬಿಎಲ್‌ಕೆ ಐಡಿ" ಕೊಡುವ ಯುಯುಐಡಿಗೂ (ಪ್ರತಿ ಪಾರ್ಟಿಷನ್‌ನ ಬದಲಾಗದ ಗುರುತಿನ ನಂಬರ್) ಎಫ್‌ಎಸ್‌ಟ್ಯಾಬ್‌ನಲ್ಲಿರುವುದಕ್ಕೂ ತಾಳೆ ನೋಡಿ. ಬೂಟ್‌ಗೆ ಬೇಕೇಬೇಕು ಅನ್ನದ ಡಿಸ್ಕ್‌ಗೆ "ನೋಫೇಲ್" ಸೇರಿಸಿ. ಎಸ್‌ಡಿಬಿ1 ಥರ ಹೆಸರು ಬರೆದಿದ್ದರೆ ಯುಯುಐಡಿಗೆ ಬದಲಿಸಿ, ಡಿಸ್ಕ್ ಎಣಿಕೆಯ ಕ್ರಮ ಬದಲಾದರೆ ಆ ಹೆಸರುಗಳು ಅದಲುಬದಲಾಗುತ್ತವೆ.

ರೂಟ್ ಪಾಸ್‌ವರ್ಡೇ ಗೊತ್ತಿಲ್ಲ. ಮೊದಲಿದ್ದ ಹುಡುಗ ಬಿಟ್ಟು ಹೋದ.

ರೆಡ್‌ಹ್ಯಾಟ್ ಜಾತಿಯದಾದರೆ (ಸೆಂಟ್‌ಓಎಸ್, ಆಲ್ಮಾಲಿನಕ್ಸ್ ಥರದವು) ಗ್ರಬ್‌ನ ಲಿನಕ್ಸ್ ಸಾಲಿಗೆ "ಆರ್‌ಡಿ ಡಾಟ್ ಬ್ರೇಕ್" ಸೇರಿಸಿ. ಸಿಸ್‌ರೂಟನ್ನು, ಅಂದರೆ ನಿಜವಾದ ಲಿನಕ್ಸ್ ಮೌಂಟ್ ಆಗಿರುವ ಜಾಗವನ್ನು, ಬರೆಯುವ ಹಾಗೆ ರೀಮೌಂಟ್ ಮಾಡಿ, ಸಿಎಚ್‌ರೂಟ್, ಪಾಸ್‌ವರ್ಡ್ ಬದಲಾವಣೆ. ಹೊರಬರುವ ಮುಂಚೆ ರೂಟ್‌ನಲ್ಲಿ "ಡಾಟ್ ಆಟೋರೀಲೇಬಲ್" ಅನ್ನುವ ಖಾಲಿ ಫೈಲ್ ಮಾಡಿ. ಇಲ್ಲದಿದ್ದರೆ ಲಿನಕ್ಸ್‌ನ ಕಾವಲುಗಾರ ಎಸ್‌ಇಲಿನಕ್ಸ್ ಒಳಗೆ ಬಿಡಲ್ಲ. ಮುಂದಿನ ಬೂಟ್ ಬಹಳ ಹೊತ್ತು ಹಿಡಿಯುತ್ತದೆ, ಹ್ಯಾಂಗ್ ಆಯಿತು ಅಂತ ಆಫ್ ಮಾಡಬೇಡಿ.

ಎಫ್‌ಎಸ್‌ಸಿಕೆ ಹೊಡೆದ್ರ ಎಲ್ಲಾ ಸರಿ ಹೋಗ್ತೈತಿ ಅಂತಾರ. ಹೊಡೆಯಲಾ?

ಎಫ್‌ಎಸ್‌ಸಿಕೆ ಅಂದರೆ ಫೈಲ್‌ಸಿಸ್ಟಮ್ ತಪಾಸಣೆ ಮಾಡಿ ರಿಪೇರಿ ಮಾಡುವ ಕಮಾಂಡ್. ಡಿಸ್ಕ್ ಆರೋಗ್ಯವಾಗಿದೆ ಅಂತ ಗೊತ್ತಾದ ಮೇಲೆ ಹೊಡೆಯಿರಿ. ಸಾಯುತ್ತಿರುವ ಡಿಸ್ಕ್ ಮೇಲೆ ಎಫ್‌ಎಸ್‌ಸಿಕೆ ಬರೆಯಲು ಶುರು ಮಾಡಿದರೆ ಉಳಿದದ್ದೂ ಹೋಗುತ್ತದೆ. "ಡಿ ಮೆಸೇಜ್"ನಲ್ಲಿ "ಐಓ ಎರರ್" ಸಾಲುಸಾಲಾಗಿ ಇದ್ದರೆ ಅಲ್ಲಿಗೇ ನಿಲ್ಲಿಸಿ. "ಸ್ಮಾರ್ಟ್ ಸಿಟಿಎಲ್"ನಲ್ಲಿ ರೀಅಲೊಕೇಟೆಡ್, ಪೆಂಡಿಂಗ್ ಸೆಕ್ಟರ್ ನೋಡಿ. ಪರ್ಕ್ ಹಿಂದೆ ಅಡಗಿದ ಡಿಸ್ಕ್ ನೋಡಲು "ಮೈನಸ್ ಡಿ ಮೆಗಾರೇಡ್ ಕಾಮಾ 0" ಥರ ಡಿಸ್ಕ್ ನಂಬರ್ ಹೇಳಬೇಕು. ಅನುಮಾನ ಇದ್ದರೆ ಮೊದಲು "ಡಿಡಿ ರೆಸ್ಕ್ಯೂ"ನಿಂದ ಬೇರೆ ಡಿಸ್ಕ್‌ಗೆ ಪೂರ್ತಿ ನಕಲು, ರಿಪೇರಿ ಆ ನಕಲಿನ ಮೇಲೆ.

ಮೌಂಟ್ ಆಗಿರುವ ಪಾರ್ಟಿಷನ್ ಮೇಲೆ ಯಾವತ್ತೂ ಓಡಿಸಬೇಡಿ. ಸೆಂಟ್‌ಓಎಸ್ 7ರಿಂದ ಈಚೆಗೆ ರೆಡ್‌ಹ್ಯಾಟ್ ಜಾತಿಯವುಗಳ ಫೈಲ್‌ಸಿಸ್ಟಮ್ ಸಾಮಾನ್ಯವಾಗಿ ಎಕ್ಸ್‌ಎಫ್‌ಎಸ್. ಅದಕ್ಕೆ ಎಫ್‌ಎಸ್‌ಸಿಕೆ ಹೊಡೆದರೆ ಏನೂ ಮಾಡದೇ ಸುಮ್ಮನೆ ಹೊರಬರುತ್ತದೆ, ಜನ ಸರಿಹೋಯಿತು ಅಂದುಕೊಳ್ಳುತ್ತಾರೆ. ಅಲ್ಲಿ ಬೇಕಾದ್ದು "ಎಕ್ಸ್‌ಎಫ್‌ಎಸ್ ರಿಪೇರ್". ಮೊದಲು "ಮೈನಸ್ ಎನ್" ಹಾಕಿ ಬರೀ ನೋಡಿ. ದೊಡ್ಡ "ಎಲ್" ಲಾಗನ್ನೇ ಎಸೆದುಬಿಡುತ್ತದೆ, ಬೇರೆ ದಾರಿ ಇಲ್ಲದಾಗ ಮಾತ್ರ.

## ಕರ್ನಲ್ ಮತ್ತು ಹೊಸ ಓಎಸ್

ಅಪ್‌ಡೇಟ್ ಮಾಡಿದ ಮ್ಯಾಲೆ "ಕರ್ನಲ್ ಪ್ಯಾನಿಕ್, ಅನೇಬಲ್ ಟು ಮೌಂಟ್ ರೂಟ್" ಬರಾಕತ್ತೈತಿ.

ಗ್ರಬ್ ಮೆನುವಿನಲ್ಲಿ ಹಳೇ ಕರ್ನಲ್ ಆರಿಸಿ. ಎದ್ದಿತಾ? ಹಾಗಾದರೆ ಹೊಸ ಕರ್ನಲ್‌ನ ಇನಿಟ್‌ರಾಮ್‌ಎಫ್‌ಎಸ್ ಇಲ್ಲ, ಅಥವಾ ಅರ್ಧ ಬರೆದಿದೆ. ಡಿಸ್ಕ್ ತಲುಪಲು ಬೇಕಾದ ಡ್ರೈವರ್ ಇರುವುದು ಅದರೊಳಗೆ. "ಡಿಎಫ್ ಮೈನಸ್ ಎಚ್" ಹೊಡೆದು ಬೂಟ್ ಪಾರ್ಟಿಷನ್ ತುಂಬಿದೆಯಾ ನೋಡಿ. ಹಳೇ ಇನ್‌ಸ್ಟಾಲ್‌ಗಳಲ್ಲಿ ಅದನ್ನು ಚಿಕ್ಕದಾಗಿ ಮಾಡಿರುತ್ತಾರೆ. ಹಳೇ ಕರ್ನಲ್‌ಗಳನ್ನು ಪ್ಯಾಕೇಜ್ ಮ್ಯಾನೇಜರ್‌ನಿಂದಲೇ ತೆಗೆಯಿರಿ, ಕೈಯಿಂದ ಫೈಲ್ ಅಳಿಸಬೇಡಿ. ಆಮೇಲೆ ರೆಡ್‌ಹ್ಯಾಟ್ ಕಡೆ "ಡ್ರಾಕಟ್", ಡೆಬಿಯನ್ ಕಡೆ "ಅಪ್‌ಡೇಟ್ ಇನಿಟ್‌ರಾಮ್‌ಎಫ್‌ಎಸ್" ಓಡಿಸಿ ಹೊಸ ಕರ್ನಲ್‌ಗೆ ಮತ್ತೆ ಕಟ್ಟಿಸಿ.

ಪ್ಯಾನಿಕ್ ಬದಲು "ಡ್ರಾಕಟ್" ಅಥವಾ "ಇನಿಟ್‌ರಾಮ್‌ಎಫ್‌ಎಸ್" ಪ್ರಾಂಪ್ಟ್ ಬಂದರೆ ಇನಿಟ್‌ರಾಮ್‌ಎಫ್‌ಎಸ್ ಇದೆ, ಡಿಸ್ಕ್ ಸಿಕ್ಕಿಲ್ಲ. ರೇಡ್ ಕಾರ್ಡ್ ನಿಧಾನಕ್ಕೆ ಏಳುವ ಹಳೇ ಮಷೀನ್‌ನಲ್ಲಿ, ಡೆಬಿಯನ್ ಜಾತಿಯದಾದರೆ, ಲಿನಕ್ಸ್ ಸಾಲಿಗೆ "ರೂಟ್ ಡಿಲೇ ಈಕ್ವಲ್ಸ್ 30" ಸೇರಿಸಿ ನೋಡಿ.

ಸೆಂಟ್‌ಓಎಸ್ 7 ಮುಗೀತು ಅಂತ ಹೊಸಾದು ಹಾಕಾಕ ಹೋದ್ರ ಡಿಸ್ಕೇ ಕಾಣವಲ್ದು!

ಸೆಂಟ್‌ಓಎಸ್ 7ಕ್ಕೆ ಬೆಂಬಲ ನಿಂತದ್ದು 2024ರ ಜೂನ್ 30ಕ್ಕೆ. ಅಲ್ಲಿಂದ ಈ ಪ್ರಶ್ನೆ ಬಿಡುವಿಲ್ಲದೆ ಬರುತ್ತಿದೆ. ನಿಮ್ಮ ಡಿಸ್ಕ್ ಕೆಟ್ಟಿಲ್ಲ. ರೆಡ್‌ಹ್ಯಾಟ್ 8ರಲ್ಲಿ ಹಳೇ ರೇಡ್ ಕಾರ್ಡ್‌ಗಳ ಬೆಂಬಲವನ್ನೇ ತೆಗೆದರು. ಡ್ರೈವರ್ ಇದೆ, ಆದರೆ ಅದರ ಪಟ್ಟಿಯಲ್ಲಿ ಡೆಲ್‌ನ ಪರ್ಕ್ 6ಐ, ಎಚ್‌ಪಿಯ ಸ್ಮಾರ್ಟ್ ಅರೇ ಪಿ410 ಥರದ ಕಾರ್ಡ್‌ಗಳ ಹೆಸರು ಇಲ್ಲ. ಹಾಗಾಗಿ ಇನ್‌ಸ್ಟಾಲರ್ ಕಣ್ಣಿಗೆ ಡಿಸ್ಕ್ ಇಲ್ಲವೇ ಇಲ್ಲ.

ದಾರಿಗಳಿವೆ. ಆಲ್ಮಾಲಿನಕ್ಸ್ 9.4ರಿಂದ ಈ ಹಳೇ ಕಾರ್ಡ್‌ಗಳನ್ನು ಮತ್ತೆ ಸೇರಿಸಿಕೊಂಡಿದ್ದಾರೆ. ರೆಡ್‌ಹ್ಯಾಟ್ ಜಾತಿಯವಕ್ಕೆ ಹೆಚ್ಚುವರಿ ಡ್ರೈವರ್ ಕಟ್ಟಿಕೊಡುವ ಇಎಲ್‌ರೆಪೋದವರು ಡ್ರೈವರ್ ಡಿಸ್ಕ್ ಕೊಡುತ್ತಾರೆ, ಆದರೆ ಮುಂದೆ ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಆ ಡ್ರೈವರ್ ಮೇಲೆ ಒಂದು ಕಣ್ಣಿಡಬೇಕು. ನನ್ನನ್ನು ಕೇಳಿದರೆ ಇಂಥ ಮಷೀನ್‌ಗೆ ಡೆಬಿಯನ್ ಹಾಕಿ. ಆರ್710ರ ಬ್ರಾಡ್‌ಕಾಮ್ ನೆಟ್‌ವರ್ಕ್ ಕಾರ್ಡ್‌ಗೆ ಬೇರೆ ಫರ್ಮ್‌ವೇರ್ ಬೇಕಿತ್ತು. 2023ರಲ್ಲಿ ಬಂದ ಡೆಬಿಯನ್ 12ರ ಇನ್‌ಸ್ಟಾಲರ್‌ನಲ್ಲಿ ಫರ್ಮ್‌ವೇರ್‌ಗಳು ಒಳಗೇ ಇರುವುದರಿಂದ ಆ ತಲೆನೋವೂ ಇಲ್ಲ.

ಸಿಪಿಯುದೂ ಒಂದು ಗಡಿ ಇದೆ. ರೆಡ್‌ಹ್ಯಾಟ್ 9 ಮತ್ತು ಅದರ ಜಾತಿಯವಕ್ಕೆ ಎಕ್ಸ್86-64-ವಿ2 ಬೇಕು, ಅಂದರೆ ಎಸ್‌ಎಸ್‌ಇ 4.2 ಥರದ ಕೆಲವು ಆದೇಶಗಳು ಸಿಪಿಯುಗೆ ಗೊತ್ತಿರಬೇಕು. ಪವರ್‌ಎಡ್ಜ್ 2950ರಲ್ಲಿರುವ ಜಿಯಾನ್ 5400ಕ್ಕೆ ಎಸ್‌ಎಸ್‌ಇ 4.2 ಇಲ್ಲ. "ಸಿಪಿಯು ಡಸ್ ನಾಟ್ ಸಪೋರ್ಟ್" ಅಂತ ಹೇಳಿ ಶುರುವಿನಲ್ಲೇ ಬೀಳುತ್ತದೆ. ಆರ್710ರ ಜಿಯಾನ್ 5500 ಆ ಗಡಿ ದಾಟುತ್ತದೆ. ರೆಡ್‌ಹ್ಯಾಟ್ 10ಕ್ಕೆ ವಿ3 ಬೇಕು, ಅದಕ್ಕೆ ಆರ್720 ಕೂಡ ಸಾಲದು. ಆಲ್ಮಾಲಿನಕ್ಸ್ 10 ಮಾತ್ರ ವಿ2ಗೆ ಅಂತ ಬೇರೆ ಐಎಸ್‌ಓ ಕೊಡುತ್ತದೆ.

ಪ್ರಾಕ್ಸ್‌ಮಾಕ್ಸ್ 8.2ಗೆ ಹೋದ ಮ್ಯಾಲೆ ಹಳೇ ಎಚ್‌ಪಿ ನಡುವ ನಿಂತುಬಿಡ್ತೈತಿ.

ಪ್ರಾಕ್ಸ್‌ಮಾಕ್ಸ್ ಅಂದರೆ ಒಂದೇ ಸರ್ವರ್‌ನಲ್ಲಿ ಹಲವು ವಿಎಂ (ವರ್ಚುವಲ್ ಮಷೀನ್) ನಡೆಸುವ, ಡೆಬಿಯನ್ ಮೇಲೆ ಕಟ್ಟಿದ ಓಎಸ್. ಆ ಆವೃತ್ತಿಯ 6.8 ಕರ್ನಲ್‌ನಲ್ಲಿ ಇಂಟೆಲ್ ಐಓಎಂಎಂಯು, ಅಂದರೆ ಕಾರ್ಡ್‌ಗಳು ಮೆಮೊರಿ ಮುಟ್ಟುವುದನ್ನು ನಿಯಂತ್ರಿಸುವ ಸೌಲಭ್ಯ, ತಾನಾಗೇ ಆನ್ ಇರುತ್ತದೆ. ಹಳೇ ಬೋರ್ಡ್‌ಗಳಿಗೆ ಅದು ಒಗ್ಗದಿರಬಹುದು. ಲಿನಕ್ಸ್ ಸಾಲಿಗೆ "ಇಂಟೆಲ್ ಐಓಎಂಎಂಯು ಈಕ್ವಲ್ಸ್ ಆಫ್" ಸೇರಿಸಿ ನೋಡಿ. ಇಂಟೆಲ್ ಆದಮೇಲೆ ಜಾಗ ಅಲ್ಲ, ಅಂಡರ್‌ಸ್ಕೋರ್. ಎದ್ದರೆ ಗ್ರಬ್ ಸೆಟ್ಟಿಂಗ್‌ನಲ್ಲಿ ಕಾಯಂ ಮಾಡಿ. ವಿಎಂಗೆ ಪಿಸಿಐ ಕಾರ್ಡ್ ನೇರ ಕೊಡುವವರಿಗೆ ಮಾತ್ರ ಇದರಿಂದ ನಷ್ಟ.

ಸ್ಕ್ರೀನ್ ಕಪ್ಪು ಆಗ್ತೈತಿ, ಆದ್ರ ಪಿಂಗ್ ಬರ್ತೈತಿ. ಇದೇನ್ ದೆವ್ವರೀ?

ಸರ್ವರ್ ಎದ್ದಿದೆ, ಚಿತ್ರ ಮಾತ್ರ ಹೋಗಿದೆ. ಮ್ಯಾಟ್ರಾಕ್ಸ್ ಜಿ200 ಜಾತಿಯ ಪುಟ್ಟ ಗ್ರಾಫಿಕ್ಸ್ ಚಿಪ್‌ಗೂ ಮಾನಿಟರ್‌ಗೂ ರೆಸಲ್ಯೂಷನ್ ಹೊಂದಿಲ್ಲ. "ನೋ ಮೋಡ್ ಸೆಟ್" ಅನ್ನು ಒಂದೇ ಪದವಾಗಿ ಲಿನಕ್ಸ್ ಸಾಲಿಗೆ ಹಾಕಿ.

4 ಟಿಬಿ ಡಿಸ್ಕ್ ಹಾಕಿದೆ. ಕಾಣೋದು 2 ಟಿಬಿ, ಬೂಟೂ ಇಲ್ಲ.

ಡಿಸ್ಕ್ ಹೇಗೆ ಭಾಗವಾಗಿದೆ ಅಂತ ಬರೆದಿಡುವ ಹಳೇ ಪದ್ಧತಿ ಎಂಬಿಆರ್, ಹೊಸದು ಜಿಪಿಟಿ. ಎಂಬಿಆರ್ ಪಾರ್ಟಿಷನ್ ಟೇಬಲ್‌ನ ಮಿತಿಯೇ ಸುಮಾರು 2 ಟಿಬಿ. ಜಿಪಿಟಿ ಮಾಡಿಕೊಳ್ಳಿ. ಲೆಗಸಿ ಬಯಾಸ್‌ನಲ್ಲಿ ಜಿಪಿಟಿ ಡಿಸ್ಕ್‌ನಿಂದ ಬೂಟ್ ಆಗಬೇಕಾದರೆ ಗ್ರಬ್‌ಗೆ 1 ಎಂಬಿಯ "ಬಯಾಸ್ ಬೂಟ್" ಪಾರ್ಟಿಷನ್ ಬೇಕು. ಅದನ್ನು ಫಾರ್ಮ್ಯಾಟ್ ಮಾಡಬೇಕಿಲ್ಲ. ಆದರೆ ಕಾರ್ಡ್ ಪರ್ಕ್ 6ಐ ಆಗಿದ್ದರೆ ಯಾವ ಕಸರತ್ತೂ ನಡೆಯಲ್ಲ, 2 ಟಿಬಿ ಮೀರಿದ ಡಿಸ್ಕ್ ಅದಕ್ಕೆ ಒಗ್ಗಲ್ಲ. ಕಾರ್ಡ್ ಬದಲಿಸಿ, ಇಲ್ಲಾ ಚಿಕ್ಕ ಡಿಸ್ಕ್ ಹಾಕಿ.

ನಾ ಬಳ್ಳಾರ್ಯಾಗ ಇರ್ತೀನಿ, ಸರ್ವರ್ ಸಿಂಧನೂರಾಗ ಐತಿ. ಇಲ್ಲಿಂದಲೇ ನೋಡಬಹುದಾ?

ಮೊದಲೇ ತಯಾರಿ ಮಾಡಿದ್ದರೆ ಆಗುತ್ತದೆ. ಡೆಲ್‌ನಲ್ಲಿ ಐಡ್ರ್ಯಾಕ್, ಎಚ್‌ಪಿಯಲ್ಲಿ ಐಎಲ್‌ಓ ಅಂತ ಪ್ರತ್ಯೇಕ ಪುಟ್ಟ ಕಂಪ್ಯೂಟರ್ ಒಳಗೇ ಇರುತ್ತದೆ. ಸರ್ವರ್ ಸತ್ತಿದ್ದರೂ ಅದು ಬದುಕಿರುತ್ತದೆ. ಹಳೇ ಐಡ್ರ್ಯಾಕ್6ರ ಸ್ಕ್ರೀನ್ ನೋಡಲು ಜಾವಾ ಬೇಕು, ಇವತ್ತಿನ ಬ್ರೌಸರ್‌ಗಳು ಅದರ ಹಳೇ ಟಿಎಲ್‌ಎಸ್ ಒಪ್ಪಲ್ಲ. ಅದರ ಜೊತೆ ಗುದ್ದಾಡುವ ಬದಲು ಸ್ಕ್ರೀನಿನ ಅಕ್ಷರಗಳನ್ನಷ್ಟೇ ಕಳಿಸುವ ಸೀರಿಯಲ್ ಕನ್ಸೋಲ್ ಇಟ್ಟುಕೊಳ್ಳಿ. ಲಿನಕ್ಸ್ ಸಾಲಿನಲ್ಲಿ ಕನ್ಸೋಲನ್ನು "ಟಿಟಿವೈಎಸ್0" ಅಥವಾ "ಟಿಟಿವೈಎಸ್1"ಗೆ 115200 ವೇಗದಲ್ಲಿ ಕೊಡಿ, ಯಾವುದು ಅನ್ನುವುದು ಬಯಾಸ್ ಸೆಟ್ಟಿಂಗ್ ಮೇಲೆ. ಗ್ರಬ್‌ಗೂ ಸೀರಿಯಲ್ ಹೇಳಿಕೊಡಿ. ಆಮೇಲೆ "ಐಪಿಎಂಐ ಟೂಲ್"ನ "ಎಸ್‌ಓಎಲ್ ಆ್ಯಕ್ಟಿವೇಟ್" ಹೊಡೆದರೆ ಬಯಾಸ್‌ನಿಂದ ಲಾಗಿನ್‌ವರೆಗೂ ಅಕ್ಷರಗಳಲ್ಲಿ ಕಾಣುತ್ತದೆ, ನೆಟ್ ನಿಧಾನ ಇದ್ದರೂ ನಡೆಯುತ್ತದೆ.

"ಪ್ಯಾನಿಕ್ ಈಕ್ವಲ್ಸ್ 10" ಅಂತಲೂ ಸೇರಿಸಿ. ಪ್ಯಾನಿಕ್ ಆದ 10 ಸೆಕೆಂಡಿಗೆ ತಾನಾಗೇ ರೀಬೂಟ್ ಆಗುತ್ತದೆ. ಹೊಸ ಕರ್ನಲ್ ಪರೀಕ್ಷಿಸುವಾಗ ಹಳೇದನ್ನೇ ಡೀಫಾಲ್ಟ್ ಇಟ್ಟು, "ಗ್ರಬ್ ರೀಬೂಟ್" ಕಮಾಂಡ್‌ನಿಂದ ಹೊಸದನ್ನು ಒಂದೇ ಸಲಕ್ಕೆ ಆರಿಸಿ. ಅದು ಬಿದ್ದರೆ ಮುಂದಿನ ಸಲ ಹಳೇದರಲ್ಲೇ ಏಳುತ್ತದೆ. ಐಡ್ರ್ಯಾಕ್, ಐಎಲ್‌ಓಗಳನ್ನು ಮಾತ್ರ ನೇರ ಇಂಟರ್‌ನೆಟ್‌ಗೆ ತೆರೆಯಬೇಡಿ. ವಿಪಿಎನ್ ಹಿಂದೆ ಇಡಿ, ಬಂದಾಗಿನ ಪಾಸ್‌ವರ್ಡ್ ಅವತ್ತೇ ಬದಲಿಸಿ.